ಮರಳುದಿಬ್ಬದ ಮೇಲೆ ಕಟ್ಟಿದ ಸತ್ತ ಕಾಗೆ

ನನಗೆ ಕಾಗೆ ಕಂಡರೆ ಆಗುತ್ತಿರಲಿಲ್ಲ. ಬೇರೆಯವರ ಮನೆಯಲ್ಲಿ ಹುಟ್ಟಿದ್ದರೆ ಇದೊಂದು ವಿಷಯವೇ ಅಲ್ಲ. ನಮ್ಮ ಮನೆಯಲ್ಲಿ ಹುಟ್ಟಿ ಈ ಮಾತಾಡುವುದೆಂದರೆ ಅನ್ನ ಹಾಕುವ ಧಣಿಯನ್ನು ಬೀದಿಯಲ್ಲಿ ನಿಂತು ಬೈದ ಹಾಗೆ. ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ನಮ್ಮ ಮನೆ. ತಾತ, ಅಪ್ಪ, ಅಪ್ಪ ಹೋದ ಮೇಲೆ ನಮ್ಮಣ್ಣ, ಎಲ್ಲರದೂ ಒಂದೇ ವೃತ್ತಿ. ಯಾರಾದರೂ ತೀರಿಕೊಂಡರೆ ಹೊಳೆ ದಂಡೆಯಲ್ಲಿ ಹತ್ತು ದಿನದ ಕರ್ಮ ಮಾಡಿಸುವುದು. ಹತ್ತನೆಯ ದಿನ ಪಿಂಡ ಇಟ್ಟು, ಕಾಗೆ ಬಂದು ಮುಟ್ಟುವವರೆಗೆ ಕಾಯಬೇಕು. ಮುಟ್ಟಿದರೆ ಹೋದವರಿಗೆ ತೃಪ್ತಿ, ಮುಟ್ಟದಿದ್ದರೆ ಏನೋ ಕೊರಗು ಉಳಿದಿದೆ ಅಂತ ಅರ್ಥ. ನಮ್ಮಣ್ಣ ಕರೆದರೆ ಕಾಗೆ ಬಂದೇ ಬರುತ್ತೆ ಅಂತ ಹಾಸನದಿಂದ, ಚನ್ನರಾಯಪಟ್ಟಣದಿಂದೆಲ್ಲ ಜನ ಹುಡುಕಿಕೊಂಡು ಬರುತ್ತಿದ್ದರು. ಬೆಳಗಾಗೆದ್ದು ಅವನು ಎದುರಿಗೆ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುವವರೂ ಅದೇ ಜನವೇ. ಇರಲಿ, ಅದು ಬೇರೆ ಮಾತು.

ನಾನು ಮಾತ್ರ ಈ ಕೆಲಸಕ್ಕೆ ಕೈ ಹಾಕಲಿಲ್ಲ. ಬಿ.ಎಸ್ಸಿ., ಬಿ.ಎಡ್. ಮಾಡಿಕೊಂಡು ಹಳ್ಳಿಮೈಸೂರಿನ ಕಡೆ ಒಂದು ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ನನಗಿನ್ನೂ ಮದುವೆಯಾಗಿರಲಿಲ್ಲ. ಹಾಸನದಲ್ಲಿ ಒಂದು ಹಳೇ ಬೈನಾಕ್ಯುಲರ್ ಸಿಕ್ಕಿತು. ಸ್ಕೂಲು ಬಿಟ್ಟು ಬಸ್ಸಿಳಿದವನು ಮನೆಗೆ ಹೋಗದೆ ನೇರ ಹೊಳೆಗೆ ಹೋಗಿ ಕೂರುವ ಚಾಳಿ ಅಂಟಿಕೊಂಡಿತು. ಅಣ್ಣ ಮೆಟ್ಟಿಲ ಮೇಲೆ ಕರ್ಮ ಮಾಡಿಸಿ ಎದ್ದುಹೋದ ಜಾಗದಲ್ಲೇ ನಾನು ಹಕ್ಕಿ ನೋಡುತ್ತಾ ಕೂರುತ್ತಿದ್ದೆ.

ಶಿವರಾತ್ರಿ ಕಳೆದು ಹೇಮಾವತಿಯಲ್ಲಿ ನೀರಿಳಿದರೆ ಮೆಟ್ಟಿಲಿಗೆ ಎದುರಾಗಿ ಹೊಳೆ ನಡುವೆ ಒಂದು ಮರಳುದಿಬ್ಬ ಏಳುತ್ತಿತ್ತು, ನೀರಲ್ಲಿ ಮಲಗಿದ ಎಮ್ಮೆಯ ಬೆನ್ನಿನ ಹಾಗೆ. ಅಲ್ಲಿ ಮೊಟ್ಟೆ ಇಡಲು ಬರುವ ಹಕ್ಕಿಗೆ ನಮ್ಮೂರಲ್ಲಿ ಸರಿಯಾದ ಹೆಸರೂ ಇರಲಿಲ್ಲ, ಹೊಳೆಹಕ್ಕಿ ಅನ್ನುತ್ತಿದ್ದರು. ಪುಸ್ತಕದಲ್ಲಿ ನದಿ ರೀವ ಅಂತಿದೆ. ಬೂದಿ ಬಣ್ಣದ ಮೈ, ತಲೆಗೆ ಕರೀ ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕವಲೊಡೆದ ಉದ್ದ ಬಾಲ. ಗಂಡು ಒಂದು ಮೀನು ಹಿಡಿದುಕೊಂಡು ಬಂದು ಹೆಣ್ಣಿನ ಮುಂದೆ ಕತ್ತೆತ್ತಿ ಬಿಂಕ ಮಾಡಿಕೊಂಡು ಓಡಾಡುವುದನ್ನು ನೋಡಬೇಕು. ಮೀನು ಸಣ್ಣದಾಯಿತೋ, ಹೆಣ್ಣು ಆ ಕಡೆ ಮುಖ ಮಾಡಿಬಿಡುತ್ತೆ. ಪಾಪ, ಅವನು ಇನ್ನೊಂದು ತರಲು ಹೋಗಬೇಕು. ನಾನು ಗಂಟೆಗಟ್ಟಲೆ ಒಬ್ಬನೇ ನಗುತ್ತಾ ಕೂತಿರುತ್ತಿದ್ದೆ.

ಇವಕ್ಕೆ ಗೂಡು ಅಂತ ಇಲ್ಲವೇ ಇಲ್ಲ. ಎದೆಯಿಂದ ಮರಳು ಒತ್ತಿ ಒಂದು ಗುಳಿ ಮಾಡಿ, ಅದರಲ್ಲೇ ಎರಡೋ ಮೂರೋ ಮೊಟ್ಟೆ ಇಟ್ಟುಬಿಡುತ್ತವೆ. ಬಿಸಿಲು ನೆತ್ತಿಗೆ ಬಂದಾಗ ಹೊಳೆಗೆ ಹೋಗಿ ಹೊಟ್ಟೆಯ ಪುಕ್ಕ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತವೆ, ಇಲ್ಲದಿದ್ದರೆ ಮೊಟ್ಟೆ ಬೆಂದೇಹೋಗುತ್ತೆ. ಇದನ್ನೆಲ್ಲ ನಾನು ಊಟಕ್ಕೆ ಕೂತಾಗ ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದೆ. ಒಂದು ಗೂಡು ಕಟ್ಟಲಾರದ ಸೋಮಾರಿಗಳಿಗೆ ಬಾಣಂತನದ ಸಡಗರ ಬೇರೆ ಅಂತ ಅಮ್ಮ ಗೇಲಿ ಮಾಡುತ್ತಿದ್ದಳು. ಮಾಡಿದರೂ ಮಾರನೆಯ ದಿನ ಅವಳೇ ಕೇಳುವಳು, ಎಷ್ಟು ಮೊಟ್ಟೆ ಆಯಿತೋ ಇವತ್ತಿಗೆ ಅಂತ.

ಮುಂಚೆ ಇಂಥ ದಿಬ್ಬಗಳು ಹೊಳೆಯುದ್ದಕ್ಕೂ ಇದ್ದವು. ಎರಡು ಸಾವಿರ ಇಸವಿ ದಾಟಿದ್ದೇ ತಡ, ಮರಳಿನ ಲಾರಿಗಳು ಹೊಳೆಗೇ ಇಳಿದವು. ಒಂದೊಂದೇ ದಿಬ್ಬ ಲಾರಿ ಹತ್ತಿ ಹೋಯಿತು. ಯಾರದೋ ಮನೆಯ ಗೋಡೆಯಲ್ಲಿ ಸೇರಿಕೊಂಡಿರಬೇಕು. ಕರ್ಮ ಮಾಡಿಸುವ ಮೆಟ್ಟಿಲಿಗೆ ಎದುರಿನದೊಂದು ಉಳಿಯಿತು. ಸತ್ತವರ ಬೂದಿ ಬಿಡುವ ಜಾಗದ ಮರಳು ಮನೆಗೆ ಬೇಡ ಅಂತ ಲಾರಿಯವರಿಗೂ ಒಂದು ಅಂಜಿಕೆ. ಅಂದರೆ ನನ್ನ ಹಕ್ಕಿಗಳನ್ನು ಉಳಿಸಿದ್ದೂ ಅಣ್ಣನ ವೃತ್ತಿಯೇ, ಕೊಲ್ಲುತ್ತಿದ್ದದ್ದೂ ಅದೇ.

ಅದು ಹೇಗೆ ಅಂತ ಹೇಳುತ್ತೇನೆ. ದಿನಾ ಪಿಂಡ, ದಿನಾ ಅನ್ನ, ವಡೆ. ಊರಿನ ಕಾಗೆಗಳಿಗೆಲ್ಲ ಮೆಟ್ಟಿಲ ಪಕ್ಕದ ಅರಳೀಮರವೇ ಮನೆಯಾಗಿತ್ತು. ಪಿಂಡ ತಿಂದು ಕೊಕ್ಕು ಒರೆಸಿಕೊಂಡು ನೇರ ದಿಬ್ಬಕ್ಕೆ ಹಾರುತ್ತಿದ್ದವು. ಒಂದು ಕಾಗೆ ಮುಂದೆ ನಿಂತು ತಾಯಿಹಕ್ಕಿಯನ್ನು ಕೆಣಕುತ್ತೆ. ಅದು ರೇಗಿ ಅಟ್ಟಿಸಿಕೊಂಡು ಎದ್ದರೆ, ಹಿಂದಿನಿಂದ ಇನ್ನೊಂದು ಬಂದು ಮೊಟ್ಟೆ ಎತ್ತುತ್ತೆ. ಥೂ, ಏನು ದರಿದ್ರ ಬುದ್ಧಿ ಅದರದು. ಹೆಚ್ಚು ಕಮ್ಮಿ ನೂರು ಮೊಟ್ಟೆ ಇಟ್ಟ ವರ್ಷ ಹಾರುವ ಮರಿ ಬೆರಳೆಣಿಕೆಯಷ್ಟೂ ಇರುತ್ತಿರಲಿಲ್ಲ. ಉಳಿದದ್ದಕ್ಕೆ ಮೇಲೆ ಗೊರೂರಿನಲ್ಲಿ ನೀರು ಬಿಟ್ಟರೆ ಮುಗಿಯಿತು, ಒಂದೇ ಬೆಳಗ್ಗೆಯಲ್ಲಿ ದಿಬ್ಬವೇ ಮಾಯ. ಹಕ್ಕಿಗಳು ಎರಡು ದಿನ ನೀರಿನ ಮೇಲೆಯೇ ಕೂಗಿಕೊಂಡು ಸುತ್ತುತ್ತಿದ್ದವು. ನಾನು ದಡದಲ್ಲಿ ನಿಂತು ನೋಡುತ್ತಿದ್ದೆ. ಇನ್ನೇನು ಮಾಡಲಿ, ಅಣೆಕಟ್ಟೆಗೆ ಹೋಗಿ ಬಾಗಿಲು ಮುಚ್ಚಿ ಅನ್ನಲೇ?

ಹಾಸನಕ್ಕೆ ಹೋಗಿ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿದೆ. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಕಾಫಿ ಕೊಟ್ಟರು. ಹೊಳೆ ಕಾಡಲ್ಲವಲ್ಲ ಮೇಷ್ಟ್ರೇ, ಅದು ಬೇರೆಯವರಿಗೆ ಬರುತ್ತೆ ಅಂದರು. ಬೇರೆಯವರ ಹತ್ತಿರ ಹೋದರೆ ಹಕ್ಕಿ ನಮಗೆ ಬರಲ್ಲ, ನೀರು ಮಾತ್ರ ಅಂದರು. ನೀರೊಬ್ಬರದು, ಮರಳೊಬ್ಬರದು, ಹಕ್ಕಿ ಯಾರದೂ ಅಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅಳುವೇ ಬಂದಿತ್ತು. ಎಲ್ಲೋ ಓದಿದ್ದೆ ಅಂತ ಹಳೇ ಹೆಂಚು ಹೊತ್ತು ದಿಬ್ಬಕ್ಕೆ ಸಾಗಿಸಿ, ಮರಿಗಳು ಅಡಗಿಕೊಳ್ಳಲಿ ಅಂತ ಅಲ್ಲಲ್ಲಿ ಓರೆಯಾಗಿ ನಿಲ್ಲಿಸಿದೆ. ಮರಿಗಳು ಅಡಗಿದವು ನಿಜ. ಮೂರೇ ದಿನಕ್ಕೆ ಕಾಗೆಗಳು ಹೆಂಚಿನ ಕೆಳಗೆ ಬಗ್ಗಿ ನೋಡುವುದನ್ನು ಕಲಿತವು.

ಕಡೆಗೆ ಅಣ್ಣನ ಹತ್ತಿರವೇ ಜಗಳಕ್ಕೆ ನಿಂತೆ. ಎರಡು ತಿಂಗಳ ಮಟ್ಟಿಗೆ ಪಿಂಡ ಇಡುವುದನ್ನು ಕೆಳಗಡೆ ಸೇತುವೆಯ ಹತ್ತಿರ ಮಾಡು, ಕಾಗೆಗಳೂ ಅಲ್ಲಿಗೇ ಹೋಗುತ್ತವೆ ಅಂತ. ಅಣ್ಣ ನನ್ನ ಹಾಗೆ ಸಿಡುಕನಲ್ಲ. ಅಲ್ಲಿ ಮೆಟ್ಟಿಲಿಲ್ಲ, ವಯಸ್ಸಾದವರು ಮುಳುಗು ಹಾಕುವುದು ಹೇಗೆ, ನೆರಳಿಲ್ಲ ಅಂತ ನಿಧಾನವಾಗಿ ಹೇಳಿದ. ನಾನು ಬಿಡಲಿಲ್ಲ, ಒಂದು ಹಕ್ಕಿಯ ವಂಶವೇ ಹೋಗುತ್ತಿದೆ ಅಂತ ರೇಗಿದೆ. ಅವನು ಪಂಚೆ ಒಣಹಾಕುತ್ತಿದ್ದವನು ತಿರುಗಿ, "ನೀನು ಹಕ್ಕಿ ನೋಡ್ತೀಯ. ನಾನು ಕಾಗೆಗೋಸ್ಕರ ಕಾಯ್ತಾ ನಿಂತಿರೋರ ಮುಖ ನೋಡ್ತೀನಿ. ನೀನೂ ಒಂದು ಸಲ ನೋಡೋ" ಅಂದ. ನನಗೆ ಆಗ ಅದು ತಲೆಗೆ ಹೋಗಲಿಲ್ಲ.

ಆಚೆ ದಡದಲ್ಲಿ ಒಬ್ಬ ಗೌಡರ ಹೊಲವಿತ್ತು, ಪಂಪ್‌ಸೆಟ್ಟು ಹಾಕಿಕೊಂಡು ಬೇಸಿಗೆಯಲ್ಲೂ ಕಡಲೇಕಾಯಿ ಬೆಳೆಯುತ್ತಿದ್ದರು. ನಾನು ದಿಬ್ಬದ ಮೇಲೆ ನಿಂತು ಕಾಗೆ ಓಡಿಸಲು ಕವಣೆ ಬೀಸುವುದನ್ನು ಅವರು ಎಷ್ಟೋ ದಿನ ನೋಡಿ ನಕ್ಕಿದ್ದರು. ಒಂದು ದಿನ ಕರೆದು ಎಳೇ ಕಡಲೇಕಾಯಿ ಕೊಟ್ಟು, "ಅದ್ಯಾಕ್ ಮೇಷ್ಟ್ರೇ ಅಂಗೆ ಕೈ ನೋಯಿಸ್ಕತೀರಿ? ಒಂದು ಸತ್ತ ಕಾಗೆ ತಂದು ಕೋಲಿಗೆ ಕಟ್ಬುಡಿ. ನಮ್ಮೊಲಕ್ಕೆ ನಾವು ಅಂಗೇ ಕಣ ಮಾಡಾದು, ಒಂದೂ ಇತ್ತಾಗ್ ಸುಳಿಯಾಕಿಲ್ಲ" ಅಂದರು. ಬೇರೆ ಯಾರಿಗಾದರೂ ಇದು ಸರಳವಾದ ಉಪಾಯ. ಪಿಂಡ ಇಡುವ ಮನೆತನದವನು ಪಿಂಡ ಇಡುವ ಜಾಗದೆದುರೇ ಕಾಗೆಯನ್ನು ಗಲ್ಲಿಗೇರಿಸುವುದು ಅಂದರೆ ಏನು ಅಂತ ಆ ಗೌಡರಿಗೆ ಹೊಳೆದಿರಲಿಲ್ಲ. ನನಗೆ ಹೊಳೆದಿತ್ತು. ಆದರೂ ಕಟ್ಟಿದೆ. ಆ ವರ್ಷ ಮೊಟ್ಟೆ ಒಡೆಯುವ ಹೊತ್ತಿಗೆ ಸರಿಯಾಗಿ ಬಸ್ ಸ್ಟ್ಯಾಂಡಿನ ಹತ್ತಿರ ಟ್ರಾನ್ಸ್‌ಫಾರ್ಮರಿನ ಕೆಳಗೆ ಶಾಕ್ ಹೊಡೆದು ಸತ್ತ ಕಾಗೆಯೊಂದು ಬಿದ್ದಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ತರಕಾರಿಯ ಹಾಗೆ ಹಿಡಿದುಕೊಂಡು ಹೋಗಿ, ದಿಬ್ಬದ ನಡುವೆ ಗಳ ನೆಟ್ಟು, ಕಾಲಿಗೆ ದಾರ ಕಟ್ಟಿ ತಲೆಕೆಳಗಾಗಿ ನೇತುಹಾಕಿದೆ.

ಊರಿನ ಕಾಗೆಗಳೆಲ್ಲ ಬಂದು ಸುತ್ತು ಹಾಕಿ ಅರ್ಧ ದಿನ ಅರಚಿದವು. ಸಂಜೆಗೆ ಎದ್ದು ಹೋದವು, ಅರಳೀಮರವನ್ನೂ ಬಿಟ್ಟು. ಮಾರನೆಯ ದಿನದಿಂದ ಹೊಳೆಯಲ್ಲಿ ಬೇರೆಯದೇ ಲೋಕ. ಮರಿಗಳು ಮರಳಿನ ಬಣ್ಣದವು, ಅಲುಗಾಡಿದರೆ ಮಾತ್ರ ಕಾಣುತ್ತವೆ. ನೀರಂಚಿಗೆ ತಟಪಟ ಓಡುವುದು, ಅಪ್ಪನೋ ಅಮ್ಮನೋ ಮೀನು ತಂದಾಗ ಬಾಯಿ ತೆರೆದು ಮುಗಿಬೀಳುವುದು. ಅಷ್ಟು ಮರಿಗಳನ್ನು ನಾನು ಒಟ್ಟಿಗೆ ನೋಡಿರಲೇ ಇಲ್ಲ. ಅಮ್ಮನನ್ನು ಒತ್ತಾಯ ಮಾಡಿ ಮೆಟ್ಟಿಲವರೆಗೆ ಕರೆದುಕೊಂಡು ಹೋಗಿ ಬೈನಾಕ್ಯುಲರ್ ಕಣ್ಣಿಗೆ ಹಿಡಿದೆ. ಅವಳು ಬಹಳ ಹೊತ್ತು ನೋಡಿದಳು. ಪರವಾಗಿಲ್ಲ, ಸೋಮಾರಿಗಳ ಮಕ್ಕಳು ಚುರುಕಾಗಿವೆ ಅಂದಳು. ಗಳದ ಮೇಲಿನದನ್ನೂ ನೋಡಿರಬೇಕು, ಬೈನಾಕ್ಯುಲರ್ ನನ್ನ ಕೈಗಿಟ್ಟು ಮನೆ ಕಡೆ ಹೊರಟಳು.

ಅಣ್ಣನ ಕಡೆ ಮಾತ್ರ ಕಷ್ಟ ಶುರುವಾಯಿತು. ಪಿಂಡ ಇಟ್ಟರೆ ಕಾಗೆ ಇಲ್ಲ. ಅವನು ಕರೆದೂ ಕರೆದೂ ಗಂಟಲು ಕಟ್ಟಿಸಿಕೊಂಡ. ಕಾಗೆ ಬರದಿದ್ದರೆ ದರ್ಭೆಯಲ್ಲಿ ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಬಹುದು. ಶಾಸ್ತ್ರಕ್ಕೆ ಅಷ್ಟು ಸಾಕು, ಜನಕ್ಕೆ ಸಾಲುವುದಿಲ್ಲ. ಇದು ಕಾಗೆ ಗೂಡು ಕಟ್ಟುವ ಕಾಲ, ಅದಕ್ಕೇ ಬರುತ್ತಿಲ್ಲ ಅಂತ ಅಣ್ಣ ಬಂದವರಿಗೆಲ್ಲ ಸುಳ್ಳು ಹೇಳುತ್ತಿದ್ದ. ಎದುರಿಗೆ ಗಳದ ಮೇಲೆ ತೂಗಾಡುತ್ತಿದ್ದದ್ದು ಬಂದವರಿಗೂ ಕಾಣುತ್ತಿತ್ತು. ಗೌಡರದ್ದಿರಬೇಕು, ಹೊಲಕ್ಕೆ ಕಟ್ಟಿರ್ತಾರೆ ಅನ್ನುತ್ತಿದ್ದ. ಇದೆಲ್ಲ ನನಗೆ ಗೊತ್ತಾದದ್ದು ಬೇರೆಯವರಿಂದ. ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಾನು ಜಗಳವಾದರೂ ಆಡಬಹುದಿತ್ತು.

ಆ ವೈಶಾಖದಲ್ಲಿ ಅಮ್ಮ ಹೋದಳು. ಕಾಫಿ ಕುಡಿದು ಲೋಟ ತೊಳೆಯಲು ಹಿತ್ತಿಲಿಗೆ ಹೋದವಳು ಒಗೆಯುವ ಕಲ್ಲಿನ ಪಕ್ಕ ಕುಸಿದಿದ್ದಳು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅರಕಲಗೂಡಿನಲ್ಲಿದ್ದ ಅಕ್ಕ ಬರುವ ಹೊತ್ತಿಗೆ ಅಮ್ಮನನ್ನು ನಡುಮನೆಯಲ್ಲಿ ಮಲಗಿಸಿದ್ದೆವು. ಅಕ್ಕ ಬಾಗಿಲಲ್ಲೇ ಕೂತುಬಿಟ್ಟಳು. ಯುಗಾದಿಗೆ ಅವಳು ಬರುತ್ತೇನೆ ಅಂದು ಬಂದಿರಲಿಲ್ಲ. ಅಮ್ಮ ಹೋಳಿಗೆ ಮಾಡಿಕೊಂಡು ಸಂಜೆಯವರೆಗೂ ಕಾದಿದ್ದಳು. ಆಮೇಲೆ ಫೋನಿನಲ್ಲಿ ತಾಯಿ ಮಗಳಿಗೆ ಮಾತಿಗೆ ಮಾತು ಬೆಳೆದು, ಇನ್ನು ನಾನು ಸತ್ತ ಮೇಲೇ ಬಾ ಅಂತ ಅಮ್ಮ ಫೋನು ಇಟ್ಟಿದ್ದಳು. ಅಮ್ಮನಿಗೆ ಅದು ಮಾರನೆಯ ದಿನಕ್ಕೆ ಮರೆತೇ ಹೋಗಿತ್ತು, ನನಗೆ ಗೊತ್ತು. ಅಕ್ಕನಿಗೆ ಹೇಗೆ ಗೊತ್ತಾಗಬೇಕು?

ಹತ್ತು ದಿನವೂ ನಾನೂ ಅಣ್ಣನೂ ಹೊಳೆಗೆ ಹೋದೆವು. ಊರಿಗೆಲ್ಲ ಮಾಡಿಸುವವನು ಈಗ ತಾನೇ ಒದ್ದೆ ಪಂಚೆಯಲ್ಲಿ ಕೂತು ಮಾಡಬೇಕಾಯಿತು. ಮಾಡಿಸಲು ಚನ್ನರಾಯಪಟ್ಟಣದಿಂದ ಒಬ್ಬರು ಪುರೋಹಿತರು ಬರುತ್ತಿದ್ದರು. ನಾನು ಎಳ್ಳು ನೀರು ಬಿಡುತ್ತಾ ಕಳ್ಳಗಣ್ಣಿನಿಂದ ದಿಬ್ಬ ನೋಡುತ್ತಿದ್ದೆ. ಮರಿಗಳು ದಿನದಿನಕ್ಕೆ ಬಲಿಯುತ್ತಿದ್ದವು, ಕೆಲವು ರೆಕ್ಕೆ ಬಡಿದು ಒಂದು ಮಾರು ನೆಗೆದು ಬೀಳುತ್ತಿದ್ದವು. ಇನ್ನೊಂದು ವಾರ ಹೀಗೇ ಇದ್ದರೆ ಹಾರಿಬಿಡುತ್ತವೆ. ಅಮ್ಮ ಸತ್ತ ದುಃಖದ ಒಳಗೇ ಈ ಲೆಕ್ಕವೂ ನಡೆಯುತ್ತಿತ್ತು, ನಾಚಿಕೆಯಾದರೂ ನಡೆಯುತ್ತಿತ್ತು.

ಹತ್ತನೆಯ ದಿನ ಇಬ್ಬರೂ ತಲೆ ಬೋಳಿಸಿಕೊಂಡೆವು. ಅಕ್ಕನೂ ಹೊಳೆಗೆ ಬಂದಳು. ಪಿಂಡ ಇಟ್ಟಾಯಿತು, ಅಮ್ಮನಿಗೆ ಇಷ್ಟವಾದ ವಡೆ, ಹೋಳಿಗೆ ಎಲ್ಲ ಎಲೆಯ ಮೇಲೆ ಬಡಿಸಿ ಹಿಂದೆ ಸರಿದು ನಿಂತೆವು. ಅಣ್ಣ ಕರೆದ. ಚನ್ನರಾಯಪಟ್ಟಣದವರು ಕರೆದರು. ಬಿಸಿಲೇರಿತು. ದೂರದ ತೆಂಗಿನ ತಲೆಯ ಮೇಲೆ ಒಂದೆರಡು ಕಾಗೆ ಕೂತಿದ್ದವು, ಅಲ್ಲಿಂದಲೇ ದಿಬ್ಬದ ಮೇಲಿನ ಗಳ ನೋಡಿ ಕತ್ತು ಕೊಂಕಿಸುತ್ತಿದ್ದವು. ನೆಂಟರೊಬ್ಬರು ಶುರು ಮಾಡಿದರು, ಏನೋ ಆಸೆ ಉಳಿಸಿಕೊಂಡಿದ್ದಾರೆ, ಯಾರಾದರೂ ಮಾತು ಕೊಡಿ ಅಂತ. ಅಣ್ಣ ಕೈಮುಗಿದು, ಅಮ್ಮ, ತಮ್ಮನಿಗೆ ಮದುವೆ ಮಾಡಿಸ್ತೀನಿ ಅಂದ. ಕಾಗೆ ಬರಲಿಲ್ಲ. ಆಗ ಅಕ್ಕ ಎಲೆಯ ಮುಂದೆ ಮಂಡಿಯೂರಿ, ತಪ್ಪಾಯ್ತಮ್ಮ, ನಂದು ತಪ್ಪಾಯ್ತು, ಇನ್ನು ಪ್ರತಿ ಹಬ್ಬಕ್ಕೂ ಬರ್ತೀನಿ ಅಂತ ಹೇಳುತ್ತಾ ನೆಲಕ್ಕೆ ಹಣೆ ಹಚ್ಚಿದಳು. ಎಬ್ಬಿಸಿದರೂ ಏಳಲಿಲ್ಲ. ಪುರೋಹಿತರು ಮೆಲ್ಲಗೆ ದರ್ಭೆಗೆ ಕೈ ಹಾಕಿದರು. ಬೇಡಿ, ಹುಲ್ಲಿನ ಕಾಗೆ ನನಗೆ ಬೇಡ, ಅಮ್ಮ ಬರೋವರೆಗೂ ಇಲ್ಲೇ ಕೂರ್ತೀನಿ ಅಂದಳು ಅಕ್ಕ.

ಅಣ್ಣ ನನ್ನ ಕಡೆ ನೋಡಿದ. ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಹೇಳಿದ್ದ ಮುಖ ನನ್ನೆದುರಿಗೇ ಇತ್ತು, ನಮ್ಮಕ್ಕನದೇ, ಹಣೆಗೆಲ್ಲ ಮಣ್ಣು ಮೆತ್ತಿಕೊಂಡು. ದಿಬ್ಬದ ಕಡೆ ತಿರುಗಿದರೆ ಅಲ್ಲಿ ಮರಿಗಳು ನೀರಂಚಿನಲ್ಲಿ ಸಾಲಾಗಿ ನಿಂತಿದ್ದವು. ಎರಡನ್ನೂ ಉಳಿಸುವ ದಾರಿಯೊಂದು ಇರಬೇಕು ಅಂತ ಹುಚ್ಚನ ಹಾಗೆ ಯೋಚಿಸಿದೆ. ಇರಲಿಲ್ಲ. ಬಂದೆ ಅಂತ ಯಾರಿಗೂ ಹೇಳದೆ ನೀರಿಗಿಳಿದೆ.

ಸೊಂಟದುದ್ದ ನೀರು ದಾಟಿ ದಿಬ್ಬ ಹತ್ತಿದ್ದೇ ತಡ, ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ನನ್ನ ಮೇಲೆ ಎರಗಿದವು. ಹೊಸದಾಗಿ ಬೋಳಿಸಿದ ತಲೆ, ಕೊಕ್ಕಿಗೆ ಅಡ್ಡ ಒಂದು ಕೂದಲಿಲ್ಲ. ಕುಟುಕಿದ ಕಡೆಯೆಲ್ಲ ರಕ್ತ ಬಂತು. ಕೈ ಅಡ್ಡ ಹಿಡಿಯಲೂ ಮನಸ್ಸು ಬರಲಿಲ್ಲ. ನಾನು ಕಾಯುತ್ತಿದ್ದವನು ಅಂತ ಅವಕ್ಕೇನು ಗೊತ್ತು. ಕಾಲಿಟ್ಟಲ್ಲೆಲ್ಲ ಮರಿಗಳು, ಮರಳಿಗೆ ಮರಳಾಗಿ ಅವಚಿಕೊಂಡು ಮಲಗಿದ್ದವು. ನೋಡಿ ನೋಡಿ ಹೆಜ್ಜೆ ಇಟ್ಟು ಗಳ ಕಿತ್ತೆ. ಕಾಗೆ ಒಣಗಿ ಹಗುರವಾಗಿತ್ತು. ಗುಂಡಿ ತೋಡಿ ಅದನ್ನು ಹೂತು, ಗಳವನ್ನು ಹೊಳೆಗೆ ಬಿಟ್ಟೆ. ಮುಳುಗು ಹಾಕಿ ಈಚೆ ದಡಕ್ಕೆ ಬಂದಾಗ ತಲೆಯಿಂದ ಇಳಿಯುತ್ತಿದ್ದ ರಕ್ತ ನೋಡಿ, ಅಷ್ಟು ಹೊತ್ತೂ ಅಕ್ಕನನ್ನೇ ಸುತ್ತುವರಿದು ಸಮಾಧಾನ ಮಾಡುತ್ತಿದ್ದ ನೆಂಟರು ಕ್ಷೌರದವನು ಕುಯ್ದಿದ್ದಾನೆ ಅಂದುಕೊಂಡರು.

ಅಣ್ಣ ಇನ್ನೊಂದು ಸಲ ಕರೆದ. ತೆಂಗಿನ ಮರದಿಂದ ಒಂದು ಎದ್ದಿತು. ಹೊಳೆಯ ಮೇಲೆ ಒಂದು ಸುತ್ತು ಬಂದು, ಅರಳೀಮರದಲ್ಲಿ ಕೂತು, ಆ ಕಡೆ ಈ ಕಡೆ ನೋಡಿ, ಕೆಳಗಿಳಿಯಿತು. ಪಿಂಡ ಕುಕ್ಕಿತು. ಅಕ್ಕನ ಬಾಯಿಂದ ಅಮ್ಮಾ ಅಂತ ಒಂದು ಶಬ್ದ ಬಂತು, ಹತ್ತು ದಿನದಿಂದ ಹಿಡಿದಿಟ್ಟದ್ದೆಲ್ಲ ಅದರಲ್ಲಿ ಹೊರಟುಹೋದ ಹಾಗೆ. ಅಣ್ಣ ಯಾರ ಮುಂದೆಯೂ ಅತ್ತವನಲ್ಲ, ಅವನೂ ಬಿಕ್ಕಿದ. ಇನ್ನೊಂದು ಬಂತು, ಮತ್ತೊಂದು ಬಂತು. ಎಲೆ ಬರಿದಾಯಿತು. ಆಮೇಲೆ ಅವೆಲ್ಲ ಒಂದೊಂದಾಗಿ ಹೊಳೆಯ ಕಡೆ ಹಾರಿದವು.

ದಿಬ್ಬದ ಮೇಲೆ ಕೂಗಾಟ ಎದ್ದಿತು. ಕಾಲ ಬಳಿ ಕಲ್ಲು ಬೇಕಾದಷ್ಟಿದ್ದವು. ನನ್ನ ಬೊಗಸೆಯಲ್ಲಿ ಎಳ್ಳು ನೀರಿತ್ತು, ಪುರೋಹಿತರು ಮಂತ್ರ ನಿಲ್ಲಿಸಿರಲಿಲ್ಲ. ಈಗ ಅದು ಕಾಗೆಯಲ್ಲ, ಅಲ್ಲಿದ್ದ ಎಲ್ಲರಿಗೂ ಅದು ಅಮ್ಮ. ಹೇಗೆ ಹೊಡೆಯಲಿ. ಅಷ್ಟರಲ್ಲಿ ಒಂದು ವಾಪಸು ಬಂದು ನಮ್ಮ ತಲೆಯ ಮೇಲೇ ಹಾದುಹೋಯಿತು. ಕೊಕ್ಕಿನಲ್ಲಿ ಮರಳು ಬಣ್ಣದ್ದೊಂದು ನೇತಾಡುತ್ತಿತ್ತು, ಅದರ ಕಾಲು ಇನ್ನೂ ಆಡುತ್ತಿತ್ತು. ಅಕ್ಕ ತಲೆಯೆತ್ತಿ ನೋಡಿದಳು. ಕಣ್ಣ ತುಂಬ ನೀರಿದ್ದದ್ದರಿಂದ ಅವಳಿಗೆ ಅದು ಸರಿಯಾಗಿ ಕಾಣಲಿಲ್ಲ. ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು.

"ನೋಡೋ, ಇನ್ನೊಂದು ತುತ್ತೂ ತೊಗೊಂಡು ಹೋದ್ಲು. ಅಮ್ಮಂಗೆ ನನ್ನ ಮೇಲೆ ಕೋಪ ಇಲ್ಲ, ಅಲ್ವೇನೋ?"

"ಇಲ್ಲ ಅಕ್ಕ" ಅಂದೆ. "ಇಲ್ಲ."